ಫಸ್ಟ್ ರ‍್ಯಾಂಕ್ ಬಂದವರೇ ಎಡವಿದರು: ಜಗತ್ತು ಎಷ್ಟು ತಯಾರಾಗಿದೆ ಅಂತ ಅಳೆಯೋದು ಹೇಗೆ?

2019ರ ಅಕ್ಟೋಬರ್‌ನಲ್ಲಿ ಒಂದು ಪಟ್ಟಿ ಹೊರಬಂತು. ಅದರ ಹೆಸರು ಗ್ಲೋಬಲ್ ಹೆಲ್ತ್ ಸೆಕ್ಯುರಿಟಿ ಇಂಡೆಕ್ಸ್. ದೊಡ್ಡ ಸಾಂಕ್ರಾಮಿಕ ರೋಗ ಬಂದರೆ ಎದುರಿಸಲು ಯಾರು ಎಷ್ಟು ತಯಾರಾಗಿದ್ದಾರೆ ಅಂತ 195 ದೇಶಗಳಿಗೆ ನೂರಕ್ಕೆ ಅಂಕ ಕೊಟ್ಟಿದ್ದರು. ಅಮೆರಿಕಕ್ಕೆ 83.5, ಮೊದಲ ಸ್ಥಾನ. ಬ್ರಿಟನ್‌ಗೆ 77.9, ಎರಡನೇ ಸ್ಥಾನ. ಭಾರತ 46.5 ತಗೊಂಡು 57ನೆಯದಾಗಿತ್ತು. ನ್ಯೂಜಿಲೆಂಡ್ 35ನೇ ಸ್ಥಾನದಲ್ಲಿತ್ತು, ವಿಯೆಟ್ನಾಂ 50ನೇ ಸ್ಥಾನದಲ್ಲಿ.

ಎರಡೇ ತಿಂಗಳಿಗೆ ಕೋವಿಡ್ ಶುರುವಾಯಿತು. 2020ರ ಇಡೀ ವರ್ಷದಲ್ಲಿ ವಿಯೆಟ್ನಾಂ ಲೆಕ್ಕ ಕೊಟ್ಟ ಸಾವು 35. ಅಮೆರಿಕದಲ್ಲಿ 2022ರ ಮೇ ಹೊತ್ತಿಗೆ ಸತ್ತವರು 10 ಲಕ್ಷ ದಾಟಿದ್ದರು.

ಆ ಪಟ್ಟಿಯನ್ನು ಆಮೇಲೆ ತುಂಬಾ ಜನ ಗೇಲಿ ಮಾಡಿದರು. ನಾನೂ ಮಾಡಿದ್ದೆ. ಆದರೆ ಅಂಕಗಳನ್ನು ಬಿಡಿಸಿ ನೋಡಿದಾಗ ಬೇರೆಯೇ ಅನ್ನಿಸಿತು. ತಪ್ಪು ಅಂಕ ಕೊಟ್ಟವರದ್ದಷ್ಟೇ ಅಲ್ಲ, ಓದಿದ ನಮ್ಮದೂ ಇತ್ತು.

ಮೊದಲು, ಅಂಕ ಬರೋದು ಹೇಗೆ? ಒಟ್ಟು 140 ಪ್ರಶ್ನೆಗಳು. ಸಾಂಕ್ರಾಮಿಕ ಬಂದಾಗ ಏನು ಮಾಡಬೇಕು ಅನ್ನೋ ಯೋಜನೆ ಇದೆಯಾ? ಹೊಸ ರೋಗ ಪತ್ತೆ ಮಾಡುವ ಲ್ಯಾಬ್ ಇದೆಯಾ? ಆಸ್ಪತ್ರೆಯಿಂದ ಸರ್ಕಾರಕ್ಕೆ ವರದಿ ಹೋಗುವ ವ್ಯವಸ್ಥೆ ಇದೆಯಾ? ಇಂಥವು. ಉತ್ತರ ಹುಡುಕೋದು ಎಲ್ಲರಿಗೂ ಸಿಗುವ ದಾಖಲೆಗಳಲ್ಲಿ. ಅಂದರೆ ಯಾವ ದೇಶ ಚೆನ್ನಾಗಿ ಕಾಗದ ಬರೆದಿಡುತ್ತದೋ ಅದಕ್ಕೆ ಅಂಕ ಜಾಸ್ತಿ. ಅಮೆರಿಕದಷ್ಟು ಕಾಗದ ಬರೆಯುವವರು ಇನ್ನೊಬ್ಬರಿಲ್ಲ. ಯೋಜನೆ ಇತ್ತು, ಸುಳ್ಳಲ್ಲ. ಆದರೆ ಅದು ಪುಸ್ತಕದ ಬದನೆಕಾಯಿ.

ಇನ್ನೊಂದು ತೊಂದರೆ ಸರಾಸರಿಯದು. ಒಂದು ಸ್ಕೂಟರ್‌ಗೆ ಅಂಕ ಕೊಡೋಣ. ಎಂಜಿನ್‌ಗೆ 95, ಟೈರ್‌ಗೆ 90, ಸೀಟಿಗೆ 85, ಬ್ರೇಕಿಗೆ 10. ಸರಾಸರಿ 70, ಫಸ್ಟ್ ಕ್ಲಾಸ್! ಅದನ್ನು ಹತ್ತಿಕೊಂಡು ಆಗುಂಬೆ ಘಾಟಿ ಇಳೀತೀರಾ? ಅಮೆರಿಕದ ಬ್ರೇಕ್ ಎಲ್ಲಿತ್ತು ಅಂತ ಅದೇ ವರದಿಯಲ್ಲಿತ್ತು. ಜನಸಾಮಾನ್ಯರ ಕೈಗೆ ಚಿಕಿತ್ಸೆ ಎಟುಕುತ್ತದಾ ಅನ್ನೋ ವಿಭಾಗದಲ್ಲಿ ಅಮೆರಿಕಕ್ಕೆ ಸಿಕ್ಕಿದ್ದು 175ನೇ ಸ್ಥಾನ. ಆಸ್ಪತ್ರೆ ಬಿಲ್ಲಿಗೆ ಹೆದರಿ ಜ್ವರ ಮುಚ್ಚಿಟ್ಟುಕೊಳ್ಳುವ ಜನ ಇದ್ದರೆ ಎಂಥಾ ಲ್ಯಾಬ್ ಇದ್ದೂ ಏನು ಪ್ರಯೋಜನ? ಆದರೆ ಪತ್ರಿಕೆಗಳ ತಲೆಬರಹಕ್ಕೆ ಬಂದದ್ದು ಒಟ್ಟು ಅಂಕ ಮಾತ್ರ. ತಮಾಷೆ ಅಂದರೆ 2021ರಲ್ಲಿ ಮತ್ತೆ ಪಟ್ಟಿ ಬಂದಾಗಲೂ ಅಮೆರಿಕವೇ ಮೊದಲು. ಆಗ ಅಂಕ 75.9.

ಹಾಗಂತ ಪಟ್ಟಿಯನ್ನು ಪೂರ್ತಿ ಕಸದ ಬುಟ್ಟಿಗೆ ಹಾಕಲೂ ಆಗಲ್ಲ. 2022ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ 177 ದೇಶಗಳ ಅಧ್ಯಯನ ಬಂತು. ಇಂಥ ಸಿದ್ಧತೆಯ ಅಂಕಗಳಿಗೂ ಕೋವಿಡ್ ಫಲಿತಾಂಶಕ್ಕೂ ಹೇಳಿಕೊಳ್ಳುವಂಥ ನಂಟಿಲ್ಲ ಅಂತ ಅದು ಹೇಳಿತು. ನಂಟು ಕಂಡದ್ದು ನಂಬಿಕೆಗೆ. ಜನ ಸರ್ಕಾರವನ್ನು ಎಷ್ಟು ನಂಬುತ್ತಾರೆ, ಅಕ್ಕಪಕ್ಕದವರನ್ನು ಎಷ್ಟು ನಂಬುತ್ತಾರೆ ಅನ್ನೋದಕ್ಕೆ. ಆದರೆ ಮರುವರ್ಷ ಬೇರೆ ಸಂಶೋಧಕರು ಇನ್ನೊಂದು ಲೆಕ್ಕ ಹಾಕಿದರು. ಮುಚ್ಚಿಹೋದ ಸಾವುಗಳನ್ನು ಸೇರಿಸಿ, ಮುದುಕರು ಜಾಸ್ತಿ ಇರುವ ದೇಶಗಳಿಗೆ ಸರಿಹೊಂದಿಸಿ ನೋಡಿದರೆ, ಅಂಕ ಹೆಚ್ಚಿದ್ದ ಕಡೆ ಸಾವು ಒಟ್ಟಾರೆ ಕಡಿಮೆಯೇ ಇತ್ತು. ಅಮೆರಿಕ ಮಾತ್ರ ಆ ಗೆರೆಯ ಮೇಲೆ ಕೂರಲಿಲ್ಲ. ಹಾಗಾಗಿ ಅಂಕ ಸುಳ್ಳು ಅನ್ನೋದಕ್ಕಿಂತ ಅಂಕ ಅರ್ಧ ಅನ್ನೋದು ಸರಿ.

ಹಾಗಾದರೆ ಉಳಿದರ್ಧ ಅಳೆಯೋದು ಹೇಗೆ? ನನ್ನ ಮಟ್ಟಿಗೆ ಒಳ್ಳೆಯ ಉತ್ತರ ಗಡಿಯಾರ. 'ನಿಮ್ಮಲ್ಲಿ ಏನೇನಿದೆ' ಅಂತ ಕೇಳೋದನ್ನು ಬಿಟ್ಟು 'ಎಷ್ಟು ಹೊತ್ತು ತಗೊಂಡಿರಿ' ಅಂತ ಕೇಳೋದು. ಸಾರ್ವಜನಿಕ ಆರೋಗ್ಯದವರು 2021ರಿಂದ 7-1-7 ಅನ್ನೋ ಲೆಕ್ಕ ಬಳಸುತ್ತಿದ್ದಾರೆ. ರೋಗ ತಲೆಯೆತ್ತಿದ 7 ದಿನದೊಳಗೆ ಗೊತ್ತಾಗಬೇಕು. ಗೊತ್ತಾದ 1 ದಿನದಲ್ಲಿ ಸಂಬಂಧಪಟ್ಟವರಿಗೆ ಸುದ್ದಿ ಮುಟ್ಟಬೇಕು. ಮುಂದಿನ 7 ದಿನದಲ್ಲಿ ತಡೆಯುವ ಮೊದಲ ಹಂತದ ಕೆಲಸಗಳು ಮುಗಿದಿರಬೇಕು. ಪ್ರತಿಯೊಂದು ನಿಜವಾದ ರೋಗದ ಹಬ್ಬುವಿಕೆಗೂ ಈ ಮೂರು ಅಂಕಿ ಬರೆದಿಟ್ಟರೆ, ಎಲ್ಲಿ ತಡವಾಯಿತು ಅಂತ ಅದೇ ಹೇಳುತ್ತದೆ.

ಎರಡು ಉದಾಹರಣೆ ಪಕ್ಕಪಕ್ಕ ಇಟ್ಟು ನೋಡಿ. ಪಶ್ಚಿಮ ಆಫ್ರಿಕಾದ ಗಿನಿ ದೇಶದ ಒಂದು ಹಳ್ಳಿಯಲ್ಲಿ 2013ರ ಡಿಸೆಂಬರ್‌ನಲ್ಲಿ ಒಂದು ಪುಟ್ಟ ಮಗು ಸತ್ತಿತು. ಅದು ಎಬೋಲಾ ಅಂತ ಗೊತ್ತಾಗಿದ್ದು 2014ರ ಮಾರ್ಚ್‌ನಲ್ಲಿ. ಏಳು ದಿನ ಆಗಬೇಕಿದ್ದ ಕೆಲಸಕ್ಕೆ ಮೂರು ತಿಂಗಳು. ಕೊನೆಗೆ ಮೂರು ದೇಶ ಸೇರಿ 11,000ಕ್ಕೂ ಹೆಚ್ಚು ಜನ ಹೋದರು.

ಅದೇ ರೋಗ 2014ರ ಜುಲೈ 20ರಂದು ವಿಮಾನದಲ್ಲಿ ಒಬ್ಬ ಪ್ರಯಾಣಿಕನ ಜೊತೆ ನೈಜೀರಿಯಾದ ಲಾಗೋಸ್‌ಗೆ ಬಂತು. ಕೋಟಿಗೂ ಮೀರಿದ ಜನ ಇರುವ ಊರು. ಸರ್ಕಾರಿ ಆಸ್ಪತ್ರೆಯ ವೈದ್ಯರು ಆಗ ಮುಷ್ಕರದಲ್ಲಿದ್ದರು. ಹಾಗಾಗಿ ರೋಗಿಯನ್ನು ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದರು. ಮೊದಲು ಮಲೇರಿಯಾ ಅಂದುಕೊಂಡರು. ಅಲ್ಲಿನ ಹಿರಿಯ ವೈದ್ಯೆ ಡಾ. ಅಮೆಯೊ ಅಡಾಡೆವೋ ಅವರಿಗೆ ಅನುಮಾನ ಬಂತು. ಅವರು ಅದಕ್ಕೆ ಮುಂಚೆ ಒಂದೂ ಎಬೋಲಾ ರೋಗಿಯನ್ನು ನೋಡಿರಲಿಲ್ಲ. ರೋಗಿಯನ್ನು ಬಿಟ್ಟು ಕಳಿಸಿ ಅಂತ ಮೇಲಿಂದ ಒತ್ತಡ ಬಂದರೂ ಬಿಡಲಿಲ್ಲ. ರಕ್ತದ ಮಾದರಿ ಲ್ಯಾಬಿಗೆ ಹೋಯಿತು. ನೈಜೀರಿಯಾದಲ್ಲಿ ಆಗ ಪೋಲಿಯೋ ವಿರುದ್ಧ ಕಟ್ಟಿದ ತುರ್ತು ಕೇಂದ್ರ, ಮನೆಮನೆ ಸುತ್ತಿ ಅಭ್ಯಾಸ ಇದ್ದ ಸಿಬ್ಬಂದಿ ಇದ್ದರು. ಅವರನ್ನೇ ಎಬೋಲಾಕ್ಕೆ ತಿರುಗಿಸಿದರು. ಸುಮಾರು 18,500 ಸಲ ಮನೆಬಾಗಿಲಿಗೆ ಹೋಗಿ 900ರಷ್ಟು ಜನರ ಮೈ ಬಿಸಿ ನೋಡಿದರು. ಒಟ್ಟು ರೋಗಿಗಳು 20, ಸತ್ತವರು 8. ಆ ಎಂಟರಲ್ಲಿ ಡಾ. ಅಡಾಡೆವೋ ಒಬ್ಬರು.

ಈಗ ಜುಲೈ 19ರಂದು ನೈಜೀರಿಯಾಕ್ಕೆ ಅಂಕ ಕೊಡಿ ಅಂದಿದ್ದರೆ ಏನು ಕೊಡುತ್ತಿದ್ದಿರಿ? ವೈದ್ಯರೇ ಮುಷ್ಕರದಲ್ಲಿರುವ ದೇಶ. ಅದನ್ನು ಉಳಿಸಿದ್ದು ಒಬ್ಬ ಹೆಂಗಸಿನ ಅನುಮಾನ, ಮತ್ತೆ ಬೇರೆ ಯಾವುದೋ ರೋಗಕ್ಕೆ ಅಂತ ಕಟ್ಟಿಕೊಂಡಿದ್ದ ನಡೆದಾಡುವ ಸಿಬ್ಬಂದಿ.

ನಮ್ಮ ಹತ್ತಿರದ ಉದಾಹರಣೆಯೂ ಒಂದಿದೆ. 2018ರ ಮೇನಲ್ಲಿ ಕೋಝಿಕ್ಕೋಡ್ ಹತ್ತಿರ ಒಂದೇ ಮನೆಯಲ್ಲಿ ಇಬ್ಬರು ಅಣ್ಣತಮ್ಮಂದಿರಿಗೆ ಒಬ್ಬರಾದ ಮೇಲೊಬ್ಬರಿಗೆ ಮಿದುಳು ಜ್ವರ ಬಂತು. ಮೊದಲನೆಯವರು ತೀರಿಕೊಂಡಾಗ ಯಾರಿಗೂ ಏನೂ ಹೊಳೆಯಲಿಲ್ಲ. ಎರಡನೆಯವರು ಬಂದಾಗ ವೈದ್ಯರು ಮಾದರಿಯನ್ನು ಮಣಿಪಾಲದ ವೈರಸ್ ಸಂಶೋಧನಾ ಕೇಂದ್ರಕ್ಕೆ ಕಳಿಸಿದರು. ಒಂದೆರಡು ದಿನದಲ್ಲೇ ನಿಪಾ ಅಂತ ಗೊತ್ತಾಯಿತು, ಪುಣೆಯ ವೈರಾಣು ಸಂಸ್ಥೆ ಹೌದು ಅಂದಿತು. ಸರ್ಕಾರಿ ಲೆಕ್ಕದಲ್ಲಿ 17 ಜನ ಸತ್ತರು, ಆರೈಕೆ ಮಾಡಿದ ನರ್ಸ್ ಒಬ್ಬರೂ ಸೇರಿ. ಸೋಂಕು ತಗುಲಿದವರಲ್ಲಿ ಬಹುಪಾಲು ಜನ ಬದುಕದ ರೋಗ ಅದು. ಆಮೇಲೆ 2019, 2021, 2023ರಲ್ಲಿ ಮತ್ತೆ ಬಂತು, ಪ್ರತಿ ಸಲವೂ ಬೆರಳೆಣಿಕೆಯಲ್ಲಿ ನಿಂತಿತು. ಒಂದು ಸಲ ಸುಟ್ಟುಕೊಂಡ ಕೈಗೆ ಬಿಸಿ ಬೇಗ ಗೊತ್ತಾಗುತ್ತೆ, ಅಲ್ವಾ.

ದಕ್ಷಿಣ ಕೊರಿಯಾದ ಕಥೆಯೂ ಹೀಗೇ. 2015ರಲ್ಲಿ ಅಲ್ಲಿ ಮೆರ್ಸ್ ಅನ್ನೋ ಉಸಿರಾಟದ ರೋಗ ಬಂದು 186 ಜನರಿಗೆ ತಗುಲಿತು, 38 ಜನ ಸತ್ತರು. ಟೆಸ್ಟ್ ಕಿಟ್‌ಗೆ ಅನುಮತಿ ಸಿಗೋದು ತಡವಾಗುತ್ತಿದೆ ಅಂತ ಆಗ ಕಂಡುಕೊಂಡು ಕಾನೂನು ಬದಲಿಸಿದರು. 2020ರ ಜನವರಿ 27ರಂದು, ಇಡೀ ದೇಶದಲ್ಲಿ ಬರೀ ನಾಲ್ಕು ಕೋವಿಡ್ ರೋಗಿಗಳಿದ್ದಾಗ, ಅಧಿಕಾರಿಗಳು ಕಿಟ್ ಮಾಡುವ ಕಂಪನಿಗಳವರನ್ನು ಸೋಲ್ ರೈಲು ನಿಲ್ದಾಣದ ಒಂದು ಕೋಣೆಗೆ ಕರೆದರು. ಕಿಟ್ ಮಾಡಿ, ಅನುಮತಿ ಬೇಗ ಕೊಡ್ತೀವಿ ಅಂದರು. ಸುಮಾರು ಒಂದು ವಾರದಲ್ಲೇ ಮೊದಲ ಕಿಟ್ಟಿಗೆ ಅನುಮತಿ ಸಿಕ್ಕಿತು.

ಬ್ರಿಟನ್ ಏನು ಮಾಡಿತು ಅಂತ ನೋಡಿದರೆ ಬೇಸರ ಆಗುತ್ತೆ. 2016ರ ಅಕ್ಟೋಬರ್‌ನಲ್ಲಿ ಅವರು ಸಿಗ್ನಸ್ ಅನ್ನೋ ದೊಡ್ಡ ಮಾಕ್ ಡ್ರಿಲ್ ಮಾಡಿದ್ದರು. ಮೂರು ದಿನ, 950ಕ್ಕೂ ಹೆಚ್ಚು ಜನ. ಭಾರೀ ಫ್ಲೂ ಬಂದಿದೆ ಅಂತ ಊಹಿಸಿಕೊಂಡು ಮಾಡಿದ ಕಸರತ್ತು. ಅಷ್ಟು ದೊಡ್ಡ ಹೊಡೆತ ತಡೆಯಲು ದೇಶದ ತಯಾರಿ ಸಾಲದು ಅಂತ ವರದಿಯೇ ಹೇಳಿತು. ಆದರೆ ಕಲಿತ ಪಾಠಗಳಲ್ಲಿ ಎಷ್ಟೋ ಫೈಲಿನಲ್ಲೇ ಉಳಿದವು. ಜೊತೆಗೆ ಯೋಚನೆಯೆಲ್ಲ ಫ್ಲೂ ಸುತ್ತಲೇ ಸುತ್ತುತ್ತಿತ್ತು. ದೇಶ ತಯಾರಾಗಿದ್ದೇ ಬೇರೆ ರೋಗಕ್ಕೆ ಅಂತ 2024ರ ಜುಲೈನಲ್ಲಿ ಅಲ್ಲಿನ ವಿಚಾರಣಾ ಆಯೋಗ ಬರೆಯಿತು. ಡ್ರಿಲ್ ಮಾಡಿದ್ದಕ್ಕೆ ಅಂಕ ಸಿಗುತ್ತೆ. ಡ್ರಿಲ್‌ನಲ್ಲಿ ಬಿದ್ದ ಮೇಲೆ ಏನು ಮಾಡಿದಿರಿ ಅಂತ ಕೇಳುವ ಪ್ರಶ್ನೆ ಅಪರೂಪ.

ರೋಗ ಬಿಟ್ಟು ಸಮುದ್ರಕ್ಕೆ ಬರೋಣ. ಇಲ್ಲಿ ಗಡಿಯಾರ ದಿನದ ಲೆಕ್ಕದ್ದಲ್ಲ, ನಿಮಿಷದ್ದು.

2004ರ ಡಿಸೆಂಬರ್ 26ರ ಬೆಳಗ್ಗೆ ಸುಮಾತ್ರಾ ಪಕ್ಕದಲ್ಲಿ ಸಮುದ್ರದ ತಳ ನಡುಗಿತು. ಹವಾಯಿಯಲ್ಲಿದ್ದ ಸುನಾಮಿ ಎಚ್ಚರಿಕೆ ಕೇಂದ್ರಕ್ಕೆ ಹದಿನೈದೇ ನಿಮಿಷದಲ್ಲಿ ದೊಡ್ಡ ಭೂಕಂಪ ಅಂತ ಗೊತ್ತಾಗಿತ್ತು. ಆದರೆ ಆ ಕೇಂದ್ರ ಇದ್ದದ್ದು ಪೆಸಿಫಿಕ್ ಸಾಗರಕ್ಕೆ. ಹಿಂದೂ ಮಹಾಸಾಗರದ ಸುತ್ತಲಿನ ದೇಶಗಳಿಗೆ ಸುದ್ದಿ ಮುಟ್ಟಿಸುವ ದಾರಿಯೇ ಇರಲಿಲ್ಲ. ಅಲೆ ತಮಿಳುನಾಡಿಗೆ ಬರಲು ಎರಡು ಗಂಟೆಗೂ ಹೆಚ್ಚು ಹಿಡಿಯಿತು. ಅಷ್ಟು ಹೊತ್ತೂ ನಾಗಪಟ್ಟಣದ ದಡದಲ್ಲಿ ಜನ ಭಾನುವಾರದ ಕೆಲಸ ಮಾಡಿಕೊಂಡಿದ್ದರು. ಒಟ್ಟು 14 ದೇಶಗಳಲ್ಲಿ ಸುಮಾರು 2,30,000 ಜನ ಸತ್ತರು. ನಮ್ಮ ಹೈದರಾಬಾದ್‌ನಲ್ಲಿ ಸುನಾಮಿ ಎಚ್ಚರಿಕೆ ಕೇಂದ್ರ ಬಂದದ್ದು 2007ರಲ್ಲಿ. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಅಂತೀರೇನೋ. ಆದರೂ ಹಾಕಿದರಲ್ಲ.

ಅದೇ ದಿನ, ಭೂಕಂಪ ಆದ ಜಾಗಕ್ಕೆ ತೀರಾ ಹತ್ತಿರ ಸಿಮೆಲು ಅನ್ನೋ ದ್ವೀಪ ಇತ್ತು. ಸುಮಾರು 78,000 ಜನ. ಅಲೆ ಬರಲು ಹತ್ತು ನಿಮಿಷವೂ ಇರಲಿಲ್ಲ. ಸೈರನ್ ಇಲ್ಲ, ಕೇಂದ್ರ ಇಲ್ಲ, ಯೋಜನೆಯ ಪುಸ್ತಕ ಇಲ್ಲ. ಅಲ್ಲಿ ಸತ್ತವರು ಏಳು ಜನ. ಯಾಕೆಂದರೆ 1907ರಲ್ಲಿ ಆ ದ್ವೀಪಕ್ಕೆ ಸುನಾಮಿ ಬಡಿದಿತ್ತು. ಅದಕ್ಕೆ ಅವರ ಭಾಷೆಯಲ್ಲಿ 'ಸ್ಮೋಂಗ್' ಅಂತ ಹೆಸರು. ಭೂಮಿ ಜೋರಾಗಿ ಅಲುಗಿ, ಸಮುದ್ರ ಹಿಂದಕ್ಕೆ ಹೋದರೆ ಗುಡ್ಡ ಹತ್ತು ಅಂತ ಅಜ್ಜಿಯರು ಮಕ್ಕಳನ್ನು ಮಲಗಿಸುವಾಗಲೂ ಹೇಳುತ್ತಿದ್ದರು. ಆವತ್ತು ನೆಲ ನಡುಗಿದ ಕೂಡಲೇ ಯಾರೋ ಸ್ಮೋಂಗ್ ಅಂತ ಕೂಗಿದರು. ಜನ ಓಡಿದರು. ಯಾರನ್ನೂ ಅನುಮತಿ ಕೇಳಲಿಲ್ಲ.

ಎಚ್ಚರಿಕೆ ಕೊಡೋದು ಬೇರೆ, ಕೇಳಿದವರು ಕಾಲು ಕೀಳೋದು ಬೇರೆ. ಇದನ್ನು ಬಾಂಗ್ಲಾದೇಶದವರು ತುಂಬಾ ಬೆಲೆ ಕೊಟ್ಟು ಕಲಿತರು. 1970ರ ಭೋಲಾ ಚಂಡಮಾರುತದಲ್ಲಿ ಅಲ್ಲಿ 3ರಿಂದ 5 ಲಕ್ಷ ಜನ ಸತ್ತರು. 1991ರಲ್ಲಿ ಮತ್ತೆ 1,38,000ದಷ್ಟು. ಆ ಹೊತ್ತಿಗೆ ಎಚ್ಚರಿಕೆಯ ವ್ಯವಸ್ಥೆ ಇತ್ತು, ಆಶ್ರಯ ಕಟ್ಟಡಗಳು ಒಂದಷ್ಟು ಇದ್ದವು. ಸತ್ತವರಲ್ಲಿ ಹೆಂಗಸರು, ಮಕ್ಕಳೇ ಜಾಸ್ತಿ. ಗಂಡಸರ ಜೊತೆ ಒಂದೇ ಕೋಣೆಯಲ್ಲಿ ರಾತ್ರಿ ಕಳೆಯಬೇಕಲ್ಲ ಅಂತ ಎಷ್ಟೋ ಹೆಂಗಸರು ಮನೆ ಬಿಡಲಿಲ್ಲ. ದನ ಬಿಟ್ಟು ಬರಲು ಮನಸ್ಸಾಗದೆ ಎಷ್ಟೋ ಮನೆಯವರು ಉಳಿದರು. 'ಆಶ್ರಯ ಕಟ್ಟಡ ಇದೆಯಾ?' ಅನ್ನೋ ಪ್ರಶ್ನೆಗೆ ಉತ್ತರ 'ಇದೆ'. ಅಂಕ ಪೂರ್ತಿ.

ಆಮೇಲೆ ಅವರು ಮಾಡಿದ್ದು ಸಣ್ಣಸಣ್ಣ ಕೆಲಸಗಳು. ಹೆಂಗಸರಿಗೆ ಬೇರೆ ಕೋಣೆ. ದನಗಳಿಗೆ ಮಣ್ಣಿನ ಎತ್ತರದ ದಿಬ್ಬ. ಹಳ್ಳಿಹಳ್ಳಿಯಲ್ಲಿ ಸ್ವಯಂಸೇವಕರು. ಈಗ ಅವರ ಸಂಖ್ಯೆ 76,000ದಷ್ಟು, ಅದರಲ್ಲಿ ಅರ್ಧ ಹೆಂಗಸರೇ. ಗಾಳಿ ಹತ್ತಿರ ಬಂದಂತೆ ಒಂದು ಬಾವುಟ, ಎರಡು ಬಾವುಟ, ಮೂರು ಬಾವುಟ ಏರಿಸುತ್ತಾರೆ. ಮೆಗಾಫೋನ್ ಹಿಡಿದು ಮನೆಮನೆ ಸುತ್ತುತ್ತಾರೆ. ಕರೆಯಲು ಬರುವವರು ಪಕ್ಕದ ಮನೆಯ ಹುಡುಗಿ ಆದ್ದರಿಂದ ಜನ ಏಳುತ್ತಾರೆ. 2020ರ ಮೇನಲ್ಲಿ ಅಂಫಾನ್ ಬಂದಾಗ ಕೋವಿಡ್ ಕೂಡ ಇತ್ತು. ಗುಂಪು ಸೇರಬಾರದು ಅಂತ ಶಾಲೆಗಳನ್ನೂ ತೆರೆದು 20 ಲಕ್ಷಕ್ಕೂ ಹೆಚ್ಚು ಜನರನ್ನು ಸಾಗಿಸಿದರು. ಬಾಂಗ್ಲಾದೇಶದಲ್ಲಿ ಆ ಸಲ ಸಾವು ಎರಡಂಕಿಯಲ್ಲೇ ನಿಂತಿತು. ಒಡಿಶಾದ್ದೂ ಹೆಚ್ಚುಕಡಿಮೆ ಇದೇ ದಾರಿ. 1999ರ ಸೂಪರ್ ಸೈಕ್ಲೋನ್‌ನಲ್ಲಿ 10,000ದಷ್ಟು ಸಾವು, 2019ರ ಫನಿಯಲ್ಲಿ 64. ಆ ಸಲ 12 ಲಕ್ಷ ಜನರನ್ನು ಸಾಗಿಸಿದ್ದರು.

ನಮ್ಮ ಕಡೆ? 2023ರ ಅಕ್ಟೋಬರ್‌ನಲ್ಲಿ ಒಂದು ದಿನ ಕರ್ನಾಟಕದ ಫೋನುಗಳೆಲ್ಲ ಒಟ್ಟಿಗೆ ಕಿರುಚಿದ್ದು ನೆನಪಿದೆಯಾ? ವಿಪತ್ತು ನಿರ್ವಹಣೆಯವರು ಮಾಡಿದ ಪರೀಕ್ಷೆ ಅದು. ತಂತ್ರಜ್ಞಾನ ಚೆನ್ನಾಗೇ ಕೆಲಸ ಮಾಡಿತು. ನಮ್ಮ ಆಫೀಸಿನಲ್ಲಿ ಎಲ್ಲರೂ ಮೊದಲು ಮಾಡಿದ್ದು ಸದ್ದು ನಿಲ್ಲಿಸಿದ್ದು. ಎರಡನೆಯದು 'ನಿಂಗೂ ಬಂತಾ?' ಅಂತ ಪಕ್ಕದವರನ್ನು ಕೇಳಿದ್ದು. ಅದು ನಿಜವಾದ ಪ್ರವಾಹದ ಎಚ್ಚರಿಕೆ ಆಗಿದ್ದರೆ ಯಾವ ಕಡೆ ಓಡಬೇಕು ಅಂತ ಒಬ್ಬರಿಗೂ ಗೊತ್ತಿರಲಿಲ್ಲ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಮತ್ತೆಮತ್ತೆ ಬರುವ ಅಪಾಯಗಳು. ಬಿದ್ದು ಎದ್ದು ಕಲಿಯಬಹುದು. ಕಲಿಯಲು ಎರಡನೇ ಅವಕಾಶವೇ ಸಿಗದ ಅಪಾಯಗಳನ್ನು ಅಳೆಯೋದು ಇನ್ನೂ ಕಷ್ಟ. ಅಣುಯುದ್ಧಕ್ಕೆ ಸಿದ್ಧತೆ ಅಂದರೆ ಏನು ಅಂತಲೇ ಒಮ್ಮತ ಇಲ್ಲ. 'ಪ್ರಳಯದ ಗಡಿಯಾರ' ಅಂತ ಒಂದಿದೆ, 2025ರ ಜನವರಿಯಲ್ಲಿ ಅದನ್ನು ಮಧ್ಯರಾತ್ರಿಗೆ, ಅಂದರೆ ಜಗತ್ತಿನ ಕೊನೆಗೆ, 89 ಸೆಕೆಂಡ್ ಇದೆ ಅಂತ ಇಟ್ಟರು. ಪತ್ರಿಕೆಗಳು ಅದನ್ನು ಅಳತೆ ಅನ್ನೋ ಹಾಗೆ ಬರೆಯುತ್ತವೆ. ಅದು ತಜ್ಞರು ಕೂತು ಆಡುವ ಎಚ್ಚರಿಕೆಯ ಮಾತು, ಥರ್ಮಾಮೀಟರ್ ಅಲ್ಲ.

ವಿಚಿತ್ರ ಅಂದರೆ, ಅತಿ ಅಪರೂಪದ ಅಪಾಯವೊಂದಕ್ಕೆ ನಾವು ಚೆನ್ನಾಗಿ ತಯಾರಾಗುತ್ತಿದ್ದೇವೆ. ಅದು ಕ್ಷುದ್ರಗ್ರಹ. 2022ರ ಸೆಪ್ಟೆಂಬರ್ 26ರಂದು ನಾಸಾದ ಡಾರ್ಟ್ ನೌಕೆ, ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ವೇಗದಲ್ಲಿ ಡೈಮಾರ್ಫೋಸ್ ಅನ್ನೋ 160 ಮೀಟರ್ ಬಂಡೆಗೆ ಗುದ್ದಿತು. ಅದು ತನ್ನ ದೊಡ್ಡ ಜೊತೆಗಾರನ ಸುತ್ತ ಒಂದು ಸುತ್ತು ಹಾಕುವ ಸಮಯ ಅರ್ಧ ಗಂಟೆಗೂ ಹೆಚ್ಚು ಕಡಿಮೆಯಾಯಿತು. ಇದು ಯಾಕೆ ಸಾಧ್ಯವಾಯಿತು? ಕ್ಷುದ್ರಗ್ರಹದ ದಾರಿಯನ್ನು ವರ್ಷಗಟ್ಟಲೆ ಮುಂಚೆ ಲೆಕ್ಕ ಹಾಕಬಹುದು. ಅದರ ಪರವಾಗಿ ವಾದಿಸುವವರು ಯಾರೂ ಇಲ್ಲ, ಯಾರ ವ್ಯಾಪಾರಕ್ಕೂ ನಷ್ಟ ಇಲ್ಲ. ಹವಾಮಾನ ಬದಲಾವಣೆಗೆ ಈ ಅದೃಷ್ಟ ಇಲ್ಲ.

ಸೂರ್ಯನ ಬಿರುಗಾಳಿ ಇವೆರಡರ ನಡುವೆ ಬರುತ್ತೆ. 1989ರ ಮಾರ್ಚ್ 13ರ ನಸುಕಿನಲ್ಲಿ ಅಂಥದೊಂದು ಬಡಿದು ಕೆನಡಾದ ಕ್ವಿಬೆಕ್ ಪ್ರಾಂತ್ಯದ ಕರೆಂಟು ಒಂದೂವರೆ ನಿಮಿಷದಲ್ಲಿ ಹೋಯಿತು. 60 ಲಕ್ಷ ಜನ 9 ಗಂಟೆ ಕತ್ತಲಲ್ಲಿ ಕೂತರು. ಈಗ ನಮ್ಮ ಆದಿತ್ಯ-ಎಲ್1 ಸೂರ್ಯನ ಕಡೆ ಕಣ್ಣಿಟ್ಟು ನಿಂತಿದೆ, ಅದರ ಮುಖ್ಯ ಉಪಕರಣವನ್ನು ಕಟ್ಟಿದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ನೋಡುವ ಕೆಲಸ ಆಯಿತು. ಸುದ್ದಿ ಬಂದಾಗ ವಿದ್ಯುತ್ ಜಾಲದ ಕಂಟ್ರೋಲ್ ರೂಮಿನಲ್ಲಿ ಕೂತವರು ಯಾವ ಸ್ವಿಚ್ ಮುಟ್ಟಬೇಕು, ಸುಟ್ಟ ಟ್ರಾನ್ಸ್‌ಫಾರ್ಮರ್ ಬದಲಿಗೆ ಇನ್ನೊಂದು ಎಷ್ಟು ದಿನಕ್ಕೆ ಬರುತ್ತೆ ಅನ್ನೋದೇ ಅಳೆಯಬೇಕಾದ ಜಾಗ.

ಅಮೆರಿಕದ ಮಾಸ್ಕ್‌ಗಳ ಕಥೆ ಹೇಳದೆ ಇದನ್ನು ಮುಗಿಸೋಕಾಗಲ್ಲ. ತುರ್ತು ದಾಸ್ತಾನಿನಲ್ಲಿದ್ದ ಎನ್-95 ಮಾಸ್ಕ್‌ಗಳನ್ನು 2009ರ ಎಚ್1ಎನ್1 ಸಮಯದಲ್ಲಿ ಹಂಚಿದರು. ಒಳ್ಳೆಯದೇ. ಖಾಲಿಯಾದದ್ದನ್ನು ಆಮೇಲೆ ಪೂರ್ತಿ ತುಂಬಿಸಲಿಲ್ಲ. ಹತ್ತು ವರ್ಷ ಕಳೆದು ಕೋವಿಡ್ ಬಂದಾಗ ನರ್ಸ್‌ಗಳು ಒಂದೇ ಮಾಸ್ಕನ್ನು ದಿನಗಟ್ಟಲೆ ಹಾಕಿಕೊಂಡರು. ಸಿಮೆಲು ದ್ವೀಪದ ಅಜ್ಜಿಯರು 97 ವರ್ಷ ಮರೆಯದೆ ಇಟ್ಟುಕೊಂಡದ್ದಕ್ಕೆ ಪೈಸೆ ಖರ್ಚಾಗಿರಲಿಲ್ಲ.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹೋದ ವರ್ಷ ಫೈರ್ ಡ್ರಿಲ್ ಇಟ್ಟಿದ್ದರು. ಪ್ರತಿ ಮಹಡಿಯಲ್ಲೂ ಕೆಂಪು ಸಿಲಿಂಡರ್ ಇದೆ, ಬಾಗಿಲ ಮೇಲೆ ಹಸಿರು ಬೋರ್ಡ್ ಇದೆ, ಸರ್ಟಿಫಿಕೇಟ್ ಲಾಬಿಯಲ್ಲಿ ಫ್ರೇಮ್ ಹಾಕಿಸಿ ತೂಗುಹಾಕಿದ್ದಾರೆ. ನಾನು ಕೆಳಗೆ ಫೋನಿನಲ್ಲಿ ಸ್ಟಾಪ್‌ವಾಚ್ ಹಿಡಿದು ನಿಂತಿದ್ದೆ. ಸೈರನ್ ಹೊಡೆದು ಹದಿನಾಲ್ಕು ನಿಮಿಷಕ್ಕೆ ಇಳಿದು ಬಂದವರು ಹನ್ನೊಂದು ಜನ. ಅದರಲ್ಲಿ ನಾಲ್ವರು ಸೆಕ್ಯೂರಿಟಿಯವರು. ಆರನೇ ಮಹಡಿಯ ಒಬ್ಬರು ಇಂಟರ್‌ಕಾಮ್ ಮಾಡಿ, 'ಏನ್ರೀ ಅದು ಸದ್ದು, ಮಗು ಮಲಗಿದೆ, ನಿಲ್ಲಿಸಿ' ಅಂದರು. ನಿಲ್ಲಿಸಿದೆವು.